ಅರಬ್ಬಿ ಮತ್ತು ಕದಜ಼ಾನ್‌ದುಸುನ್ ಉಚ್ಚಾರಣೆ: ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಂಟೇ ಇಲ್ಲದ ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಯಾಕೆ?

ನಂಟಿಲ್ಲ, ನಿಜ. ಅರಬ್ಬಿ ಸೆಮಿಟಿಕ್ ಕುಟುಂಬದ ಭಾಷೆ. ಹೀಬ್ರೂ ಅದರ ಹತ್ತಿರದ ಸಂಬಂಧಿ. ಕದಜ಼ಾನ್‌ದುಸುನ್ ಆಸ್ಟ್ರೋನೇಷ್ಯನ್ ಕುಟುಂಬದ್ದು. ಮಲಯ, ಫಿಲಿಪೀನ್ಸಿನ ತಗಾಲೊಗ್, ದೂರದ ಹವಾಯಿಯ ಭಾಷೆ ಎಲ್ಲ ಅದರ ಬಳಗ. ಅದನ್ನು ಆಡುವವರು ಬೋರ್ನಿಯೊ ದ್ವೀಪದ ಉತ್ತರ ಭಾಗದಲ್ಲಿ, ಮಲೇಷ್ಯಾದ ಸಬಾ ರಾಜ್ಯದಲ್ಲಿ ಇದ್ದಾರೆ.

ಆದರೆ ಸಬಾದಲ್ಲಿ ಎರಡೂ ಕಿವಿಗೆ ಬೀಳುತ್ತವೆ. ಮಸೀದಿ, ಮದರಸಾಗಳಲ್ಲಿ ಅರಬ್ಬಿ. ಮನೆ, ಸಂತೆ, ಸುಗ್ಗಿ ಹಬ್ಬದಲ್ಲಿ ಕದಜ಼ಾನ್‌ದುಸುನ್. ಇನ್ನೊಂದು ಕಾರಣ, ಇವೆರಡೂ ಬಾಯಿಯನ್ನು ಬಳಸುವ ರೀತಿ ಪೂರ್ತಿ ಉಲ್ಟಾ. ಒಂದು ಗಂಟಲಿನ ಆಳಕ್ಕೆ ಇಳಿಯುತ್ತದೆ, ಇನ್ನೊಂದು ಅಲ್ಲಿಗೆ ಹೋಗುವುದೇ ಅಪರೂಪ. ಪಕ್ಕಪಕ್ಕ ಇಟ್ಟರೆ ನಮ್ಮ ಕನ್ನಡದ ಬಾಯಿ ಎಲ್ಲೆಲ್ಲಿ ಎಡವುತ್ತದೆ ಅನ್ನುವುದು ಚೆನ್ನಾಗಿ ಕಾಣುತ್ತದೆ.

ಯಾವುದರ ಉಚ್ಚಾರಣೆ ಕಷ್ಟ?

ಮೊದಲ ತಿಂಗಳು ಅರಬ್ಬಿ. ಅದರಲ್ಲಿ ಅನುಮಾನವೇ ಇಲ್ಲ. ಕದಜ಼ಾನ್‌ದುಸುನ್‌ನ ಬಹುತೇಕ ಧ್ವನಿಗಳು ನಮಗೆ ಹುಟ್ಟಿನಿಂದಲೇ ಬಂದಿವೆ. ಅದರ ಕಷ್ಟ ಆಮೇಲೆ ಶುರುವಾಗುತ್ತದೆ: ಒಂದೇ ಪದವನ್ನು ಕರಾವಳಿಯವರು ಒಂದು ಥರ, ಒಳನಾಡಿನವರು ಇನ್ನೊಂದು ಥರ ಹೇಳುತ್ತಾರೆ. ಅರಬ್ಬಿಯಲ್ಲಿ ಮೊದಲು ನಾಲಿಗೆ ಪಳಗಬೇಕು, ಇಲ್ಲಿ ಕಿವಿ.

ಎರಡರಲ್ಲೂ ಎಷ್ಟು ವ್ಯಂಜನಗಳಿವೆ?

ಅರಬ್ಬಿಯಲ್ಲಿ 28. ಕದಜ಼ಾನ್‌ದುಸುನ್‌ನಲ್ಲಿ ಅದಕ್ಕಿಂತ ತುಂಬಾ ಕಡಿಮೆ: ಪ, ಬ, ತ, ದ, ಕ, ಗ, ಮ, ನ, ಙ, ಸ, ಹ, ಲ, ರ, ವ, ಯ ಮತ್ತು ಗಂಟಲನ್ನು ಗಕ್ಕನೆ ಮುಚ್ಚಿ ಬಿಡುವ ಒಂದು ಧ್ವನಿ. ಕರಾವಳಿಯ ಕದಜ಼ಾನ್ ಮಾತಿನಲ್ಲಿ ಇದಕ್ಕೆ ಜ಼ ಸೇರಿಕೊಳ್ಳುತ್ತದೆ. ಅಲ್ಲಿನ ವ ಕೂಡ ಹಲ್ಲಿಗೆ ತುಟಿ ತಾಗುವ ವ.

ಕನ್ನಡದ ಟ, ಡ, ಣ, ಳ ಎರಡು ಕಡೆಯೂ ಇಲ್ಲ. ಮಹಾಪ್ರಾಣವೂ ಇಲ್ಲ. ಹಾಗಾಗಿ ವರ್ಣಮಾಲೆಯ ದೊಡ್ಡ ಪಾಲನ್ನು ನೀವು ಮನೆಯಲ್ಲೇ ಬಿಟ್ಟು ಹೊರಡಬಹುದು.

ಸ್ವರಗಳು?

ಇಲ್ಲಿ ಎರಡೂ ಭಾಷೆ ಬಡವ. ಅರಬ್ಬಿಗೆ ಮೂರೇ ಸ್ವರ: ಅ, ಇ, ಉ. ಅವುಗಳ ದೀರ್ಘ ರೂಪ ಆ, ಈ, ಊ. ಜೊತೆಗೆ ಐ, ಔ. ಕದಜ಼ಾನ್‌ದುಸುನ್‌ಗೆ ನಾಲ್ಕು: ಅ, ಇ, ಉ, ಒ. ಅಂದರೆ ನಮ್ಮ ಎ ಎರಡರ ಮೂಲ ಪದಗಳಲ್ಲೂ ಇಲ್ಲ. ಇಂಗ್ಲಿಷಿನ ಸ್ಕೂಲ್ ಕದಜ಼ಾನ್‌ದುಸುನ್‌ಗೆ ಬಂದಾಗ 'ಸಿಕುಲ್' ಆಯಿತು. ನಮ್ಮ ಅಜ್ಜಿಯರು 'ಇಸ್ಕೂಲು' ಅಂದ ಹಾಗೆ. ಪದದ ಮೊದಲಲ್ಲೇ ಎರಡು ವ್ಯಂಜನ ಬಂದರೆ ಬಿಡಿಸಿಕೊಳ್ಳಬೇಕಲ್ವಾ? ಅವರು ನಡುವೆ ಬಿಡಿಸಿದರು, ನಾವು ಮುಂದೆ ಒಂದು ಇ ಹಚ್ಚಿದೆವು. ಅರಬ್ಬರೂ ಮುಂದೆ ಹಚ್ಚುವವರೇ. ಗ್ರೀಕ್ ತತ್ವಜ್ಞಾನಿ ಪ್ಲೇಟೋ ಅವರ ಬಾಯಲ್ಲಿ 'ಅಫ್ಲಾತೂನ್'.

ಪುಸ್ತಕದ ಅರಬ್ಬಿಯಲ್ಲಿ ಏ, ಓ ಇಲ್ಲದಿದ್ದರೂ ಆಡುಮಾತಿನಲ್ಲಿ ಇವೆ. 'ಬೈತ್' (ಮನೆ) ಕೈರೋದಲ್ಲೂ ಕೊಲ್ಲಿ ದೇಶಗಳಲ್ಲೂ 'ಬೇತ್' ಆಗುತ್ತದೆ. 'ಯೌಮ್' (ದಿನ) 'ಯೋಮ್' ಆಗುತ್ತದೆ.

ಕದಜ಼ಾನ್‌ದುಸುನ್‌ನ ಒ ಬಗ್ಗೆ ಸ್ವಲ್ಪ ಎಚ್ಚರ ಬೇಕು. ನಾವು ಒ ಅನ್ನುವಾಗ ತುಟಿ ದುಂಡಗಾಗುತ್ತದೆ. ಅವರದು ಅಷ್ಟು ದುಂಡಗಾಗುವುದಿಲ್ಲ. ತುಟಿ ಸಡಿಲ ಬಿಟ್ಟು, ಅ ಮತ್ತು ಒ ನಡುವೆ ಎಲ್ಲೋ ನಿಲ್ಲಿಸಿ. ಮಲಯ ಭಾಷೆಯ ಸಣ್ಣ, ಅರೆಬರೆ ಸ್ವರ ಇರುವ ಕಡೆ ಇವರಲ್ಲಿ ಈ ಒ ಇರುತ್ತದೆ. ಮಲಯದಲ್ಲಿ ಆರಕ್ಕೆ 'ಅನಮ್' ಎಂಬಂತೆ ಕೇಳಿಸುವ ಪದ ಇಲ್ಲಿ 'ಒನೊಮ್'.

ಈ ಒ ಕೆಲವು ಪದಗಳಲ್ಲಿ ಅ ಆಗಿಬಿಡುತ್ತದೆ ಅಂತಾರೆ, ನಿಜವಾ?

ನಿಜ. ಪದಕ್ಕೆ ಅ ಇರುವ ಪ್ರತ್ಯಯ ಹತ್ತಿದರೆ ಹಿಂದಿನ ಒ ಕೂಡ ಅದನ್ನು ನೋಡಿ ಅ ಆಗುತ್ತದೆ. ಸಬಾದ ಅತಿ ಪ್ರಸಿದ್ಧ ಪದದಲ್ಲೇ ಇದು ಅಡಗಿದೆ. 'ಒಮೊತ್' ಅಂದರೆ ಕೊಯ್ಲು. 'ಮೊಙೊಮೊತ್' ಅಂದರೆ ಕೊಯ್ಯುವುದು. ಅದಕ್ಕೆ ಮುಂದೆ 'ಕೊ', ಹಿಂದೆ 'ಅನ್' ಸೇರಿದಾಗ 'ಕಾಮತನ್'. ಒಳಗಿದ್ದ ಒ ಎಲ್ಲ ಅ ಆಗಿವೆ. ಪ್ರತಿ ವರ್ಷ ಮೇ 30, 31ಕ್ಕೆ ನಡೆಯುವ ಸುಗ್ಗಿ ಹಬ್ಬದ ಹೆಸರು ಇದೇ.

ಅರಬ್ಬಿಯಲ್ಲಿ ಸ್ವರ ಬದಲಾಗುವುದು ಬೇರೆ ಲೆಕ್ಕ. ಅಲ್ಲಿ ಕ-ತ-ಬ ಎಂಬ ಮೂರು ವ್ಯಂಜನ ಗಟ್ಟಿ ಬುಡ. ಸ್ವರ ಬದಲಿಸಿದರೆ ಪದವೇ ಬದಲು: 'ಕತಬ' ಅಂದರೆ ಬರೆದ, 'ಕಿತಾಬ್' ಪುಸ್ತಕ, 'ಕಾತಿಬ್' ಬರೆಯುವವನು, 'ಮಕ್ತಬ್' ಕಚೇರಿ. ಅಲ್ಲಿ ಸ್ವರವೇ ವ್ಯಾಕರಣ. ಇಲ್ಲಿ ಅದು ಅಕ್ಕಪಕ್ಕದವರ ಜೊತೆ ಹೊಂದಿಕೊಳ್ಳುವ ಗುಣ.

ಅರಬ್ಬಿಯ ಗಂಟಲು ಧ್ವನಿಗಳನ್ನು ಕಲಿಯುವುದು ಹೇಗೆ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಎರಡು ಹ. ಒಂದು ನಮ್ಮ ಮಾಮೂಲಿ ಹ. ಇನ್ನೊಂದು 'ಹಾ' ಎಂಬ ಅಕ್ಷರದ್ದು, ಬಿಸಿಯಾಗಿ, ಗಂಟಲನ್ನು ಬಿಗಿ ಮಾಡಿ ಬರುವಂಥದ್ದು. ಕನ್ನಡಕದ ಗಾಜು ಒರೆಸುವ ಮೊದಲು ಬಾಯಿ ತೆರೆದು ಉಸಿರು ಬಿಡುತ್ತೀರಲ್ಲ, ಅದನ್ನು ಇನ್ನೂ ಸ್ವಲ್ಪ ಬಿಗಿ ಮಾಡಿ. ಆ ಧ್ವನಿಯನ್ನೇ ಕಂಠದ ನಾದ ಸೇರಿಸಿ ಹೊರಡಿಸಿದರೆ 'ಐನ್' ಎಂಬ ಅಕ್ಷರದ ಹತ್ತಿರ ಬರುತ್ತದೆ. ಐನ್ ಅಂದರೆ ಬರೀ ಅ ಅಲ್ಲ. ಅ ಹೇಳುವಾಗ ಯಾರೋ ಗಂಟಲು ಹಿಂಡಿದ ಹಾಗೆ.

'ಖಾ' ನಮ್ಮ ಖ ಅಲ್ಲ. ನಮ್ಮ ಖ ಅಂದರೆ ಕ ಜೊತೆಗೆ ಒಂದು ಉಸಿರು. ಅವರದು ಗಂಟಲು ಕೆರೆದ ಹಾಗೆ ಎಳೆದುಕೊಂಡು ಬರುವ ಧ್ವನಿ. ಒಳ್ಳೆಯ ಉರ್ದು ಆಡುವವರ ಬಾಯಲ್ಲಿ 'ಖಾಲಿ' ಪದ ಕೇಳಿ. 'ಗೈನ್' ಅದರ ನಾದದ ಜೋಡಿ. ಬಾಯಿ ಮುಕ್ಕಳಿಸುವಾಗ ಗಂಟಲಲ್ಲಿ ಬರುವ ಗರಗರ ಅದಕ್ಕೆ ಹತ್ತಿರ. ಇನ್ನು 'ಕಾಫ್' ಎರಡಿವೆ. ಒಂದು ನಮ್ಮ ಕ. ಇನ್ನೊಂದಕ್ಕೆ ನಾಲಿಗೆಯ ಬುಡ ಕಿರುನಾಲಿಗೆಯನ್ನು ಮುಟ್ಟಬೇಕು. ಇದು ಮುಖ್ಯ, ಯಾಕೆಂದರೆ ಹಿಂದಿನ ಕ ಹಾಕಿದರೆ 'ಕಲ್ಬ್' ಅಂದರೆ ಹೃದಯ, ಮುಂದಿನ ಕ ಹಾಕಿದರೆ ನಾಯಿ. ನನ್ನ ಹೃದಯವೇ ಅನ್ನಲು ಹೋಗಿ ನನ್ನ ನಾಯಿಯೇ ಅಂದವರು ಬೇಕಾದಷ್ಟು ಜನ.

ಎಂಟನೇ ಶತಮಾನದಲ್ಲಿ ಬಸ್ರಾದ ಅಲ್-ಖಲೀಲ್ ಎಂಬ ವಿದ್ವಾಂಸ ತನ್ನ ನಿಘಂಟನ್ನು ಐನ್‌ನಿಂದಲೇ ಶುರು ಮಾಡಿದ. ಗಂಟಲಿನ ಆಳದಿಂದ ತುಟಿಯ ಕಡೆಗೆ ಅಕ್ಷರಗಳನ್ನು ಜೋಡಿಸಿದ. ನಮ್ಮ ಕ, ಚ, ಟ, ತ, ಪ ವರ್ಗಗಳೂ ಹಿಂದಿನಿಂದ ಮುಂದಕ್ಕೇ ಬರುತ್ತವೆ. ಆದ್ದರಿಂದ ಅರಬ್ಬಿಯ ಮೇಷ್ಟ್ರು 'ಮಖ್ರಜ್' ಅಂದರೆ ಗಾಬರಿ ಬೇಡ. ಧ್ವನಿ ಹುಟ್ಟುವ ಜಾಗ, ಅಷ್ಟೇ. ಮದರಸಾದಲ್ಲಿ ಓದಿದ ಕನ್ನಡಿಗರಿಗೆ ಈ ಪದ ಹೊಸದಲ್ಲ.

ಕದಜ಼ಾನ್‌ದುಸುನ್‌ಗೆ ಇದ್ಯಾವುದೂ ಬೇಡ.

'ದಪ್ಪ' ಅಕ್ಷರಗಳು ಅಂದರೇನು? ಅವು ನಮ್ಮ ಟ, ಡ ಅಲ್ವಾ?

ಅಲ್ಲವೇ ಅಲ್ಲ. ಕನ್ನಡಿಗರು ಮಾಡುವ ದೊಡ್ಡ ತಪ್ಪು ಇದೇ. ಅರಬ್ಬಿಯಲ್ಲಿ ಸ, ದ, ತ, ಮತ್ತು ಹಲ್ಲಿನ ನಡುವೆ ಬರುವ ಒಂದು ಧ್ವನಿಗೆ ದಪ್ಪ ಜೋಡಿಗಳಿವೆ. ನಾವು ಟ ಹೇಳಲು ನಾಲಿಗೆ ತುದಿಯನ್ನು ಹಿಂದಕ್ಕೆ ಮಡಚುತ್ತೇವೆ. ದಪ್ಪ ತ-ಗೆ ತುದಿ ತ ಇದ್ದ ಜಾಗದಲ್ಲೇ ಇರಬೇಕು. ಬದಲಾಗುವುದು ನಾಲಿಗೆಯ ಹಿಂಭಾಗ, ಅದು ಗಂಟಲ ಕಡೆ ಸರಿಯಬೇಕು. ಬಾಯೊಳಗೆ ಬಿಸಿ ಆಲೂಗೆಡ್ಡೆ ಇಟ್ಟುಕೊಂಡು ತ ಅನ್ನಿ.

ಕಿವಿಗೆ ಗುರುತು ಸಿಗುವುದು ಪಕ್ಕದ ಸ್ವರದಿಂದ. ತೆಳು ತ ಹಾಕಿದ 'ತೀನ್' ಅಂಜೂರ, ದಪ್ಪ ತ ಹಾಕಿದರೆ ಕೆಸರು. ತೆಳು ಸ ಹಾಕಿದ 'ಸೈಫ್' ಕತ್ತಿ, ದಪ್ಪ ಸ ಹಾಕಿದರೆ ಬೇಸಿಗೆ. ದಪ್ಪ ಅಕ್ಷರದ ಪಕ್ಕದ ಸ್ವರ ಸ್ವಲ್ಪ ಮಂಕಾಗಿ, ಹಿಂದಿನಿಂದ ಬಂದಂತೆ ಕೇಳಿಸುತ್ತದೆ. ವ್ಯಂಜನ ಸಿಗದಿದ್ದರೂ ಸ್ವರ ಹಿಡಿದುಕೊಳ್ಳಿ.

ಕನ್ನಡದಲ್ಲಿ ಅರಬ್ಬಿ ಪದ ಬೇಕಾದಷ್ಟಿವೆ. ಅವು ಉಪಯೋಗಕ್ಕೆ ಬರುತ್ತವಾ?

ಅರ್ಥಕ್ಕೆ ಬರುತ್ತವೆ. ಉಚ್ಚಾರಣೆಗೆ ಬಂದರೆ ಮೋಸ ಹೋಗುತ್ತೀರಿ. ಈ ಪದಗಳು ಪಾರ್ಸಿ, ಉರ್ದು ದಾಟಿ ನಮ್ಮ ಕಚೇರಿಗಳಿಗೆ ಬಂದವು. ದಾರಿಯಲ್ಲಿ ಗಂಟಲೆಲ್ಲ ಸವೆದುಹೋಯಿತು. ಅರ್ಜಿ, ಹಾಜರಿ, ಮಾಜಿ, ಜಿಲ್ಲೆ. ಈ ನಾಲ್ಕರ ಜ ಕೂಡ ಮೂಲದಲ್ಲಿ ದಪ್ಪ ದ, ಅಂದರೆ 'ದಾದ್'. ಅರಬ್ಬರು ತಮ್ಮ ಭಾಷೆಯನ್ನು ಹೆಮ್ಮೆಯಿಂದ 'ದಾದ್ ಭಾಷೆ' ಅನ್ನುತ್ತಾರೆ. ಆ ಹೆಮ್ಮೆಯ ಅಕ್ಷರ ಪಾರ್ಸಿಯವರ ಬಾಯಲ್ಲಿ ಜ಼ ಆಯಿತು, ನಮ್ಮಲ್ಲಿ ಬರೀ ಜ. ರಂಜಾನ್ ಮತ್ತು ರಮದಾನ್ ಎರಡು ಥರ ಕೇಳುವುದೂ ಇದೇ ಕಾರಣಕ್ಕೆ.

ತಾಲ್ಲೂಕು, ಕಾಯಿದೆ, ಜಮಾ, ಅಮಲ್ದಾರ: ಇವುಗಳಲ್ಲಿ ಒಂದು ಐನ್ ಇತ್ತು. ಈಗ ಹುಡುಕಿದರೂ ಸಿಗದು. ಹಕ್ಕು ಪದದ ಮೊದಲ ಹ ಬಿಸಿ ಹ, ಕ್ಕು ಹಿಂದಿನ ಕ. ತಾಲ್ಲೂಕು ಕಚೇರಿಯ ಒಂದು ಅರ್ಜಿ ನಮೂನೆ ಹಿಡಿದು ಕೂತರೆ ಅರಬ್ಬಿಯ ಅರ್ಧ ಕಷ್ಟದ ಅಕ್ಷರ ಕಲಿಯಬಹುದು. ಇದು ತಮಾಷೆಯಲ್ಲ, ನಾನು ಹಾಗೇ ಕಲಿತದ್ದು.

ನಮ್ಮ ಊರಿನ ಕಡೆ ಹಾಲಿಗೆ ಆಲು ಅಂತೀವಿ. ತೊಂದರೆ ಆಗುತ್ತಾ?

ಅರಬ್ಬಿಯಲ್ಲಿ ಆಗುತ್ತದೆ. ಅಲ್ಲಿ ಮಾಮೂಲಿ ಹ, ಬಿಸಿ ಹ, ಐನ್, ಮತ್ತು ಗಂಟಲು ಗಕ್ಕನೆ ಮುಚ್ಚುವ 'ಹಮ್ಜ಼ಾ' ನಾಲ್ಕೂ ಬೇರೆ ಬೇರೆ. ಹ ನುಂಗಿದರೆ ಎಲ್ಲ ಹಮ್ಜ಼ಾದ ಬುಟ್ಟಿಗೆ ಬೀಳುತ್ತವೆ. ಅರಬ್ಬಿಯಲ್ಲಿ ಯಾವ ಮಾತೂ ಬರೀ ಸ್ವರದಿಂದ ಶುರುವಾಗುವುದಿಲ್ಲ. ಮುಂದೆ ಏನೂ ಇಲ್ಲದಿದ್ದರೆ ಹಮ್ಜ಼ಾ ಇರುತ್ತದೆ. ನಾವು ಎಲ್ಲಿ ಅನ್ನುವುದನ್ನು ಯೆಲ್ಲಿ, ಒಂದು ಅನ್ನುವುದನ್ನು ವೊಂದು ಅನ್ನುತ್ತೇವಲ್ಲ, ಆ ಅಭ್ಯಾಸವನ್ನೂ ಬಿಡಬೇಕು.

ಕರಾವಳಿಯ ಕದಜ಼ಾನ್‌ನಲ್ಲೂ ಹ ನುಂಗಬೇಡಿ. ಯಾಕೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಕದಜ಼ಾನ್, ದುಸುನ್ ಒಂದೇ ಭಾಷೆಯಾ? ಉಚ್ಚಾರಣೆ ಯಾಕೆ ಬೇರೆ?

ಅವರನ್ನೇ ಕೇಳಿದರೆ ಊಟದ ಹೊತ್ತು ಮೀರುವವರೆಗೂ ಮಾತು ನಡೆಯುತ್ತದೆ. ಕರಾವಳಿಯ ಪೆನಾಂಪಾಂಗ್, ಪಾಪರ್ ಕಡೆಯವರು ಕದಜ಼ಾನ್ ಅನ್ನುತ್ತಾರೆ. ಒಳನಾಡಿನ ತಂಬುನಾನ್, ರಾನೌ ಕಡೆ ದುಸುನ್. 1995ರ ಜನವರಿಯಲ್ಲಿ ಎರಡು ಕಡೆಯ ಸಾಂಸ್ಕೃತಿಕ ಸಂಘಟನೆಗಳು ಕೂತು ಕದಜ಼ಾನ್‌ದುಸುನ್ ಎಂಬ ಒಂದೇ ಹೆಸರಿಗೆ ಒಪ್ಪಿದವು. ಒಳನಾಡಿನ ಬುಂದು-ಲಿವಾನ್ ಮಾತನ್ನು ಆಧಾರ ಮಾಡಿಕೊಂಡರು. 1997ರಲ್ಲಿ ಅದು ಶಾಲೆಗೆ ಬಂತು.

ಹೆಸರು ಒಂದಾದರೂ ಬಾಯಿ ಒಂದಾಗಲಿಲ್ಲ. ಅಂಕಿ ಎಣಿಸಿದರೇ ಗೊತ್ತಾಗುತ್ತದೆ. ದುಸುನ್‌ನಲ್ಲಿ: ಇಸೊ, ದುಓ, ತೊಲು, ಅಪತ್, ಲಿಮೊ, ಒನೊಮ್, ತುರು, ವಲು, ಸಿಯಮ್, ಹೊಪೊದ್. ಕದಜ಼ಾನ್‌ನಲ್ಲಿ: ಇಸೊ, ದುವೊ, ತೊಹು, ಅಪತ್, ಹಿಮೊ, ಒನೊಮ್, ತುಉ, ವಹು, ಸಿಜ಼ಮ್, ಹೊಪೊದ್.

ಜೋರಾಗಿ ಓದಿ ನೋಡಿ. ಒಳನಾಡಿನ ಲ ಕರಾವಳಿಯಲ್ಲಿ ಹ ಆಗಿದೆ: ತೊಲು, ತೊಹು. ಮನುಷ್ಯನಿಗೆ ಅಲ್ಲಿ 'ತುಲುನ್', ಇಲ್ಲಿ 'ತುಹುನ್'. ಯ ಹೋಗಿ ಜ಼ ಬಂದಿದೆ: ದೊಡ್ಡದಕ್ಕೆ 'ತಗಯೊ', 'ತಗಜ಼ೊ'. ಅವರ ಪ್ರಸಿದ್ಧ ಕುಣಿತ ಒಳನಾಡಿನಲ್ಲಿ 'ಸುಮಯೌ', ಕರಾವಳಿಯಲ್ಲಿ 'ಸುಮಜ಼ೌ'. ಭತ್ತದ ಪೂಜೆ ಮಾಡುವ ಪೂಜಾರಿಣಿ 'ಬೊಬೊಲಿಯನ್', ಕರಾವಳಿಯಲ್ಲಿ 'ಬೊಬೊಹಿಜ಼ನ್'. ಒಂದೇ ಪದದಲ್ಲಿ ಎರಡೂ ಬದಲಾವಣೆ. ರ ಬಹಳ ಕಡೆ ಜಾರಿಹೋಗಿದೆ: ಹೆಸರಿಗೆ 'ಙರನ್', 'ಙಅನ್'. ಇನ್ನು ತುಟಿ ಮಾತ್ರ ಸೇರುವ ಸಡಿಲ ವ ಹೋಗಿ ಹಲ್ಲು ತಾಗುವ ವ ಬಂದಿದೆ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ, ಆದ್ದರಿಂದ ಬರೆದು ತೋರಿಸಲಾರೆ. ನಮಸ್ಕಾರದಂಥ ಮಾತು 'ಕೊಪಿವೊಸಿಯನ್' ಎರಡು ಕಡೆಯವರ ಬಾಯಲ್ಲೂ ಕೇಳಿ, ತಿಳಿಯುತ್ತದೆ.

ನಮಗೆ ಇದು ಹೊಸ ಆಟವೇನಲ್ಲ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಒಂದು ಧ್ವನಿ ಸವೆದು ಹ ಆಗುವುದು ಎಲ್ಲಿ ಬೇಕಾದರೂ ನಡೆಯುತ್ತದೆ. ಆದರೆ ಈ ಹ ನುಂಗಿಬಿಟ್ಟರೆ ತೊಹು ಹೋಗಿ ತೊಉ ಆಗುತ್ತದೆ, ಮೂರೂ ಅಲ್ಲ ಏನೂ ಅಲ್ಲ.

ಅರಬ್ಬಿಯಲ್ಲಿ ಇಂಥ ಊರಿನ ವ್ಯತ್ಯಾಸ ಇಲ್ವಾ?

ಇನ್ನೂ ಜಾಸ್ತಿ ಇದೆ. ಹೃದಯ ಅನ್ನುವ 'ಕಲ್ಬ್' ಕುವೈತಿನ ಕಡೆ 'ಗಲ್ಬ್' ಆಗುತ್ತದೆ, ಕೈರೋದಲ್ಲಿ ಕ ಹೋಗಿ 'ಅಲ್ಬ್'. ಒಂಟೆಯ 'ಜಮಲ್' ಕೈರೋದಲ್ಲಿ 'ಗಮಲ್'. ಆದರೆ ಅರಬ್ಬಿಗೆ ಎಲ್ಲರೂ ಒಪ್ಪುವ ಪುಸ್ತಕದ ಭಾಷೆ ಒಂದಿದೆ. ಕಲಿಯುವವರು ಅಲ್ಲಿ ನಿಂತು ಸುತ್ತ ನೋಡಬಹುದು. ಕದಜ಼ಾನ್‌ದುಸುನ್‌ನ ಶಾಲೆಯ ರೂಪಕ್ಕೆ ಇನ್ನೂ ಮೂವತ್ತು ಚಿಲ್ಲರೆ ವರ್ಷ. ಪೆನಾಂಪಾಂಗ್‌ನ ಅಜ್ಜಿ ಅದನ್ನು ಕೇಳಿ ಮಾತಾಡುವುದಿಲ್ಲ. ಯಾರ ಜೊತೆ ಮಾತಾಡಬೇಕೋ ಅವರ ಊರಿನ ಮಾತನ್ನೇ ಕಲಿಯಿರಿ ಅಂತ ನನ್ನ ಸಲಹೆ.

ಪದದ ಮೊದಲಲ್ಲೇ ಙ ಬರುತ್ತಾ?

ಬರುತ್ತದೆ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ಕೂಗಿ, ಆಮೇಲೆ ಜೀವನದಲ್ಲಿ ಎಂದೂ ಬರೆಯದ ಅಕ್ಷರ ಅದು. ಇಲ್ಲಿ ಕೆಲಸಕ್ಕೆ ಬಂತು ನೋಡಿ. ನಿಮ್ಮ ಹೆಸರೇನು ಅಂತ ಕೇಳಲು 'ಇಸಾಯ್ ಙರನ್ ನು?'. ಅದನ್ನು ನಂಗರನ್ ಅನ್ನಬೇಡಿ. 'ಅಂಗಡಿ' ಅನ್ನಿ, ಗ ಬರುವ ಮೊದಲೇ ನಿಲ್ಲಿಸಿ. ನಾಲಿಗೆ ಈಗ ಇರುವ ಜಾಗದಿಂದಲೇ 'ಙ' ಶುರು ಮಾಡಿ. ರೋಮನ್ ಲಿಪಿಯಲ್ಲಿ ಇದನ್ನು ಎನ್ ಮತ್ತು ಜಿ ಸೇರಿಸಿ ಬರೆಯುತ್ತಾರೆ, ಧ್ವನಿ ಮಾತ್ರ ಒಂದೇ.

ಅರಬ್ಬಿ ವರ್ಣಮಾಲೆಯಲ್ಲಿ ಙ ಇಲ್ಲ, ಪ ಇಲ್ಲ. ಪಾಕಿಸ್ತಾನ ಅವರಿಗೆ 'ಬಾಕಿಸ್ತಾನ್'. ಮಲಯ ಭಾಷೆಯನ್ನು ಅರಬ್ಬಿ ಅಕ್ಷರದಲ್ಲಿ ಬರೆಯುವ ಜಾವಿ ಲಿಪಿ ಹುಟ್ಟಿದಾಗ ಪ, ಗ, ಚ, ಙ, ಞ ಧ್ವನಿಗಳಿಗೆ ಹಳೆಯ ಅಕ್ಷರಗಳಿಗೆ ಚುಕ್ಕೆ ಇಟ್ಟು ಹೊಸ ಅಕ್ಷರ ಮಾಡಿಕೊಳ್ಳಬೇಕಾಯಿತು. ಅರಬ್ಬಿಗೆ ಆ ದ್ವೀಪಗಳ ಮಾತಿನಲ್ಲಿ ಏನು ಕಡಿಮೆ ಬಿತ್ತು ಅನ್ನುವುದಕ್ಕೆ ಆ ಚುಕ್ಕೆಗಳೇ ಲೆಕ್ಕ.

ಕನ್ನಡಿಗರಿಗೆ ಸುಲಭವಾಗಿ ಬರುವುದು ಏನೂ ಇಲ್ವಾ?

ಇದೆ. ಹ್ರಸ್ವ-ದೀರ್ಘ, ಒತ್ತಕ್ಷರ ಎರಡೂ ನಮಗೆ ನೀರು ಕುಡಿದಷ್ಟು ಸಲೀಸು. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರಿಗೆ ಅರಬ್ಬಿಯ 'ಹಮಾಮ್' (ಪಾರಿವಾಳ), 'ಹಮ್ಮಾಮ್' (ಸ್ನಾನದ ಮನೆ) ಯಾವ ಲೆಕ್ಕ? 'ಜಮಲ್' ಒಂಟೆ, 'ಜಮಾಲ್' ಸೌಂದರ್ಯ. ಇಂಗ್ಲಿಷರು ಇದಕ್ಕೆ ತಿಣುಕುತ್ತಾರೆ.

'ಅಲ್' (ಇಂಗ್ಲಿಷಿನ 'ದಿ' ಥರ ಪದದ ಮುಂದೆ ಸೇರುವಂಥದ್ದು) ಸಂಧಿಯೂ ಹಾಗೇ. ಸೂರ್ಯ 'ಶಮ್ಸ್', ಅದಕ್ಕೆ ಅಲ್ ಸೇರಿದರೆ 'ಅಶ್ಶಮ್ಸ್'. ಚಂದ್ರ 'ಕಮರ್', ಅಲ್ಲಿ ಮಾತ್ರ 'ಅಲ್‌ಕಮರ್'. 28ರಲ್ಲಿ 14 ಅಕ್ಷರ ಸೂರ್ಯನ ಕಡೆ, 14 ಚಂದ್ರನ ಕಡೆ. ನಾಲಿಗೆಯ ಮುಂಭಾಗದಲ್ಲಿ ಹುಟ್ಟುವ ಅಕ್ಷರಗಳು ಲ ಅನ್ನು ತಮ್ಮಂತೆ ಮಾಡಿಕೊಳ್ಳುತ್ತವೆ. ಸತ್ ಮತ್ತು ಜನ ಸೇರಿ ಸಜ್ಜನ ಆದ ಹಾಗೆ.

ಪದದ ಕೊನೆಗೆ ಉ ಸೇರಿಸುವ ಚಟ ಬಿಡುವುದು ಹೇಗೆ?

ಬಸ್ಸು, ಕಾರು, ಹಕ್ಕು. ನಮ್ಮ ಬಾಯಿಗೆ ವ್ಯಂಜನದಲ್ಲಿ ನಿಲ್ಲುವುದೇ ಆಗದು. ಎರಡು ಭಾಷೆಯಲ್ಲೂ ನಿಲ್ಲಲೇಬೇಕು. ಕದಜ಼ಾನ್‌ದುಸುನ್‌ನಲ್ಲಿ ಹೊಪೊದ್, ವಾಯ್ಗ್ (ನೀರು) ಎಂದು ದ, ಗ ಮೇಲೂ ಪದ ಮುಗಿಯುತ್ತದೆ. ಕೊನೆಯ ವ್ಯಂಜನಕ್ಕೆ ಬಂದಾಗ ಬಾಯಿ ತೆರೆಯದೆ ಎರಡು ಎಣಿಸಿ. ಒಂದು ವಾರ ಸಾಕು.

ಅರಬ್ಬಿಯಲ್ಲಿ ಇನ್ನೊಂದು ಗಮ್ಮತ್ತಿದೆ. 'ಕಿತಾಬ್' ಬದಲು 'ಅಲ್‌ಕಿತಾಬು' ಅಂದರೆ ಅದು ತಪ್ಪಲ್ಲ, ಪುಸ್ತಕದ ಅರಬ್ಬಿಯ ಪ್ರಥಮಾ ವಿಭಕ್ತಿ. ನಮ್ಮ ವ್ಯಾಕರಣದಲ್ಲೂ ಪ್ರಥಮಾ ವಿಭಕ್ತಿ ಉ. ಸುಮ್ನೆ ಕಾಕತಾಳೀಯ. ಆದರೆ ನೀವು ಕಿತಾಬು ಅಂದಾಗ ಎದುರಿನವರಿಗೆ ನೀವು ಬಸ್ಸು ಅಂದ ಹಾಗೆ ಅಂದಿರೋ, ವ್ಯಾಕರಣ ಓದಿ ಅಂದಿರೋ ತಿಳಿಯುವುದಿಲ್ಲ.

ಕೇಳಲು ಧ್ವನಿ ಎಲ್ಲಿ ಸಿಗುತ್ತದೆ?

ಅರಬ್ಬಿಗೆ ಕೊರತೆಯೇ ಇಲ್ಲ. ಉಚ್ಚಾರಣೆಗೆ ನಿಧಾನವಾದ ಕುರಾನ್ ಪಠಣ ಬಹಳ ಒಳ್ಳೆಯದು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಕದಜ಼ಾನ್‌ದುಸುನ್‌ಗೆ ಮಲೇಷ್ಯಾದ ಸರ್ಕಾರಿ ರೇಡಿಯೊದ ಸಬಾ ವಿ ಎಫ್‌ಎಂ ಕೇಳಿ. ಅಲ್ಲಿ ಕದಜ಼ಾನ್ ಹೊತ್ತು ಬೇರೆ, ದುಸುನ್ ಹೊತ್ತು ಬೇರೆ. ಯಾವುದು ಬರುತ್ತಿದೆ ಅಂತ ಹೆಸರು ನೋಡದೆ ಊಹಿಸಿ. ತೊಹು ಕೇಳಿದರೆ ಕರಾವಳಿ, ತೊಲು ಕೇಳಿದರೆ ಒಳನಾಡು.